ಪದ ಒಂದು, ಅರ್ಥ ಎರಡು

ಉದರಪೋಷಣೆಗಾಗಿ ಪರಸ್ಥಳಕ್ಕೆ ಬಂದ ಕನ್ನಡಿಗನು ಅಲ್ಲಿಯ ಭಾಷೆಯನ್ನು ಬೇಗನೆ ಕಲಿಯುವನೆಂಬ ಕೀರ್ತಿ ನಮ್ಮವರಿಗುಂಟು. ಆದರೆ ಈ ಕಲಿಕೆಯಲ್ಲಿ ಗಮನಿಸತಕ್ಕ ಅಪಾಯವೊಂದಿದೆ. ಗೊತ್ತಿಲ್ಲದ ಪದದಿಂದ ನಮಗೆ ಹೆಚ್ಚಿನ ಕೇಡಿಲ್ಲ; ಅದರ ಅರ್ಥವನ್ನು ಬಲ್ಲವರಲ್ಲಿ ಕೇಳುತ್ತೇವೆ. ಗೊತ್ತಿದೆಯೆಂದು ನಂಬಿದ ಪದವೇ ಮೋಸಗೊಳಿಸುವುದು. ಅದರ ಅರ್ಥವನ್ನು ನಾವು ಕೇಳುವುದೇ ಇಲ್ಲ.

ಹೈದರಾಬಾದಿನ ಹೋಟೆಲಿನಲ್ಲಿ ಗಿರಾಕಿಯು "ಅವಸರಂ ಲೇದು" ಎಂದರೆ ತನಗೆ ಬೇಕಾಗಿಲ್ಲವೆಂದರ್ಥ. ತೆಲುಗಿನ ಅವಸರವು ಅಗತ್ಯ. ನಮ್ಮ ಅವಸರವು ಆತುರ. ಹಿಂದಿಯ ಅವಸರವು ಸಂದರ್ಭ, ಅವಕಾಶ. ಹೊಸದಾಗಿ ಬಂದ ನಮ್ಮ ಹುಡುಗನು, ನಿಧಾನವಾಗಿ ತಂದರಾಯಿತೆಂದು ತಿಳಿದು ದೋಸೆಯನ್ನು ತಂದಿಟ್ಟರೆ, ಬಿಲ್ಲಿನ ಹೊತ್ತಿಗೆ ಜಗಳ ತಪ್ಪಿದ್ದಲ್ಲ. ಹಾಗೆಯೇ ಕೇಂದ್ರ ಸರಕಾರವು 2020ರಲ್ಲಿ ತನ್ನ ಒಂದು ಇಲಾಖೆಗೆ ಶಿಕ್ಷಾ ಮಂತ್ರಾಲಯವೆಂದು ಹೆಸರಿಟ್ಟಿತು. ಕನ್ನಡದ ಕಿವಿಗೆ ಅದು ದಂಡನೆಯ ಇಲಾಖೆಯಂತೆ ಕೇಳಿಸೀತು. ವಾಸ್ತವವಾಗಿ ಅದು ವಿದ್ಯಾ ಇಲಾಖೆ.

ಇವು ನಗುವಿನಲ್ಲಿ ಮುಗಿಯುವ ಸಂಗತಿಗಳು. ಎಲ್ಲವೂ ಹಾಗೆ ಮುಗಿಯುವುದಿಲ್ಲ. ರಾಜೀನಾಮೆ ಎಂಬ ಪದವನ್ನು ನೋಡಿರಿ. ಕನ್ನಡ, ಮರಾಠಿಗಳಲ್ಲಿ ಅದು ಕೆಲಸ ಬಿಡುವ ಪತ್ರ. ಹಿಂದಿಯಲ್ಲಿ ರಾಜೀನಾಮಾ ಎಂದರೆ ಎರಡು ಪಕ್ಷದವರು ಮಾಡಿಕೊಂಡ ಒಪ್ಪಂದ, ಅಂದರೆ ನಮ್ಮ ರಾಜಿ. ಕೆಲಸ ಬಿಡುವ ಪತ್ರಕ್ಕೆ ಅಲ್ಲಿ ಇಸ್ತೀಫಾ ಎನ್ನುವರು. ಮೂಲತಃ ಅದು ಒಪ್ಪಿಗೆಯ ಪತ್ರ. ಹಿಂದಿನ ಮುಂಬಯಿ ಪ್ರಾಂತದ ಕಂದಾಯ ದಫ್ತರಗಳಲ್ಲಿ ರೈತನು ಒಪ್ಪಿ ಜಮೀನನ್ನು ಬಿಟ್ಟುಕೊಡುವ ಕಾಗದಕ್ಕೂ ಇದೇ ಹೆಸರಿತ್ತು. ಸಂಬಳದ ತಕರಾರಿನಲ್ಲಿ ಸಿಲುಕಿದ ಕನ್ನಡಿಗನು ದಿಲ್ಲಿಯಲ್ಲಿ ಈ ಪದಕ್ಕೆ ಹೆದರಿ, ನ್ಯಾಯವಾಗಿ ಸಿಗಬೇಕಾದ ರಾಜಿಯನ್ನೇ ನೂಕಿಬಿಡಬಹುದು. ಉತ್ತರದಿಂದ ಮುಂಬಯಿಗೆ ಬಂದ ಅವನ ಜೊತೆಗಾರನು ರಾಜಿಯೆಂದು ನಂಬಿ ಕೆಲಸವನ್ನೇ ಬರೆದುಕೊಟ್ಟಾನು. ಒಂದು ಪದಕ್ಕೆ ಒಂದು ಸಂಸಾರದ ಅನ್ನ ತಗುಲಿಕೊಂಡಿದೆ.

ಹಾಗೆಂದು ಹೋಲಿಕೆಗಳನ್ನೆಲ್ಲ ಶಂಕಿಸಬೇಕಾಗಿಲ್ಲ. ಮರಾಠಿಯ ತೂಪ ನಮ್ಮ ತುಪ್ಪವೇ ಸರಿ. ಚೆನ್ನೈಯಲ್ಲಿ ಕೇಳುವ ಪಾಲ್, ಪುಲಿ, ಪತ್ತು ಎಂಬವು ನಮ್ಮ ಹಾಲು, ಹುಲಿ, ಹತ್ತುಗಳೇ. ಹಳಗನ್ನಡದಲ್ಲಿ ನಾವೂ ಹೀಗೆಯೇ ಪಕಾರದಿಂದ ಹೇಳುತ್ತಿದ್ದೆವು; ಮುಂದೆ ಪಕಾರವು ಹಕಾರವಾಯಿತು. ಈ ಒಂದು ನಿಯಮವನ್ನರಿತವನಿಗೆ ಹತ್ತಾರು ತಮಿಳು ಪದಗಳು ಶ್ರಮವಿಲ್ಲದೆ ಕೈಸೇರುವುವು.

ನಮ್ಮ ಬಂಧುಗಳಿಗೆ ಒಂದು ಸೂಚನೆ. ಜೇಬಿನಲ್ಲಿ ಒಂದು ಚಿಕ್ಕ ವಹಿ ಇರಲಿ. ಪದದೆದುರು ಕನ್ನಡದ ಅರ್ಥವನ್ನಷ್ಟೇ ಬರೆದರೆ ಸಾಲದು. ಕೇಳಿದ ವಾಕ್ಯವನ್ನೆಲ್ಲ ಬರೆಯಿರಿ. ಯಾರು, ಯಾವ ಸಂದರ್ಭದಲ್ಲಿ ಹೇಳಿದರೆಂಬುದನ್ನೂ ಬರೆಯಿರಿ. ಅದೇ ಪದವನ್ನು ಬೇರೆಡೆ ಕೇಳಿದಾಗ ಹಳೆಯ ವಾಕ್ಯದೊಡನೆ ಹೋಲಿಸಿರಿ. ಪದದ ಅರ್ಥವು ಅದನ್ನು ಆಡುವವರ ರೂಢಿಯಲ್ಲಿದೆ. ಸಹಿ ಹಾಕಬೇಕಾದ ಕಾಗದದಲ್ಲಂತೂ, ಪದ ಎಷ್ಟೇ ಪರಿಚಿತವಾಗಿರಲಿ, "ನಿಮ್ಮಲ್ಲಿ ಇದಕ್ಕೆ ಅರ್ಥವೇನು?" ಎಂದು ಮೊದಲು ಕೇಳಿರಿ, ಲೇಖನಿಯನ್ನು ಆಮೇಲೆ ಎತ್ತಿಕೊಳ್ಳಿರಿ.