ಮಣ್ಣಿನ ಮಾದರಿಯ ಜೊತೆ ವಿವರದ ಚೀಟಿಯೂ ಸರಿಯಾಗಿರಲಿ



ಪರೀಕ್ಷೆಗೆ ಅರ್ಧ ಕಿಲೋ ಮಣ್ಣು ಕಳಿಸುವಾಗ ಜೊತೆಯ ಚೀಟಿಯಲ್ಲಿ ಹೆಸರು, ಊರು ಬರೆದರೆ ಸಾಕೆಂದು ಅನೇಕರು ತಿಳಿಯುತ್ತಾರೆ. ಪ್ರಯೋಗಾಲಯದ ಅಂಕಿಗಳಿಗೆ ಅರ್ಥ ಬರುವುದು ಆ ಚೀಟಿಯಿಂದಲೇ.

ಹುಣಸೂರು, ಪಿರಿಯಾಪಟ್ಟಣದ ಕೆಂಪು ಮರಳು ಮಿಶ್ರಿತ ಭೂಮಿಯಲ್ಲಿ ಪೊಟ್ಯಾಷ್ ಕಡಿಮೆಯೆಂದು ವರದಿ ಬಂತೆನ್ನಿ. ಮುಂದಿನ ಬೆಳೆ ರಾಗಿಯಾದರೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹಾಕಬಹುದು. ಹೊಗೆಸೊಪ್ಪಾದರೆ ಅದು ಕೂಡದು. ಅದರ ಕ್ಲೋರೈಡ್ ಎಲೆಗೆ ಸೇರಿ ಉರಿಯುವ ಗುಣ ಕೆಡುತ್ತದೆ. ಸಲ್ಫೇಟ್ ಆಫ್ ಪೊಟ್ಯಾಷ್ ಬೇಕು. ಚೀಟಿಯಲ್ಲಿ ಮುಂದಿನ ಬೆಳೆಯೇ ಇಲ್ಲದಿದ್ದರೆ ಸರಿಯಾದ ಸಲಹೆ ಹೇಗೆ ಬಂದೀತು?

‘ಎರಡು ಚೀಲ ಯೂರಿಯಾ’ ಎಂದು ಬರೆದರೂ ಸಾಲದು. 2018ರಿಂದ ಯೂರಿಯಾ ಚೀಲ 50 ಕಿಲೋದಿಂದ 45 ಕಿಲೋಗೆ ಇಳಿದಿದೆ. ಯೂರಿಯಾದಲ್ಲಿ ಸಾರಜನಕ ಶೇ. 46. ಅಂದರೆ ಹಳೆಯ ಎರಡು ಚೀಲಕ್ಕೂ ಈಗಿನ ಎರಡು ಚೀಲಕ್ಕೂ 4.6 ಕಿಲೋ ಸಾರಜನಕದ ವ್ಯತ್ಯಾಸ. ಆದ್ದರಿಂದ ಕಿಲೋ ಲೆಕ್ಕದಲ್ಲೇ ಬರೆಯಿರಿ.

ಸ್ಥಳದ ವಿಷಯದಲ್ಲೂ ಇದೇ ಎಚ್ಚರ ಬೇಕು. ಹಿಂದೆ ಎಚ್.ಡಿ. ಕೋಟೆಗೆ ಸೇರಿದ್ದ ಸರಗೂರು ಈಗ ಬೇರೆ ತಾಲ್ಲೂಕು. ತಾಲ್ಲೂಕಿನ ಹೆಸರೊಂದನ್ನೇ ನಂಬಿ ಹಳೆಯ, ಹೊಸ ವರದಿಗಳನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಚೀಟಿಯಲ್ಲಿ ಇರಬೇಕಾದ ವಿವರಗಳು:

1. ಹೋಬಳಿ, ಗ್ರಾಮ, ಪಹಣಿಯಲ್ಲಿರುವಂತೆ ಸರ್ವೆ ನಂಬರು ಮತ್ತು ಹಿಸ್ಸಾ.
2. ಮಣ್ಣು ತೆಗೆದ ದಿನಾಂಕ, ಆಳ (ಸಾಮಾನ್ಯ ಬೆಳೆಗಳಿಗೆ 15 ಸೆಂ.ಮೀ.), ಎಷ್ಟು ಕಡೆ ತೆಗೆದದ್ದು.
3. ಹಿಂದಿನ ಬೆಳೆ ಮತ್ತು ಮುಂದಿನ ಬೆಳೆ.
4. ಹಾಕಿದ ಗೊಬ್ಬರ, ಎಕರೆಗೆ ಎಷ್ಟು ಕಿಲೋ, ಯಾವಾಗ.
5. ನೀರಿನ ಮೂಲ: ಮಳೆಯೋ, ಕೊಳವೆಬಾವಿಯೋ, ಕೆ.ಆರ್. ನಗರದ ಗದ್ದೆಗಳಂತೆ ನಾಲೆಯೋ.

ಪೆನ್ಸಿಲಿನಲ್ಲಿ ಬರೆಯಿರಿ, ತೇವಕ್ಕೆ ಶಾಯಿ ಹರಡುತ್ತದೆ. ಒಂದು ಚೀಟಿ ಚೀಲದೊಳಗೆ, ಇನ್ನೊಂದು ಹೊರಗೆ ಇರಲಿ.

ವರದಿ ಬಂದ ಮೇಲೆ ಪರೀಕ್ಷೆಯ ವಿಧಾನವನ್ನೂ ಕೇಳಿ ಬರೆದಿಡಿ. ರಂಜಕವನ್ನು ಹುಳಿ ಮಣ್ಣಿನಲ್ಲಿ ಬ್ರೇ ವಿಧಾನದಿಂದ, ಕ್ಷಾರ ಮಣ್ಣಿನಲ್ಲಿ ಓಲ್ಸನ್ ವಿಧಾನದಿಂದ ಅಳೆಯುತ್ತಾರೆ. ಎರಡರ ಅಂಕಿಗಳನ್ನು ನೇರವಾಗಿ ಹೋಲಿಸುವಂತಿಲ್ಲ.

ಇದು ನಿಮ್ಮೊಬ್ಬರ ಹೊಲದ ಮಾತಲ್ಲ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯ ಮೊದಲ ಸುತ್ತುಗಳಲ್ಲಿ ಮಳೆಯಾಶ್ರಿತ ಭೂಮಿಗೆ 10 ಹೆಕ್ಟೇರಿಗೊಂದು, ನೀರಾವರಿಗೆ 2.5 ಹೆಕ್ಟೇರಿಗೊಂದು ಮಾದರಿ ತೆಗೆದು, 12 ಅಂಶಗಳನ್ನು ಪರೀಕ್ಷಿಸಿ, ಆ ವ್ಯಾಪ್ತಿಯ ಎಲ್ಲರಿಗೂ ಅದೇ ಫಲಿತಾಂಶ ಕೊಟ್ಟರು. ಹೀಗೆ ಒಬ್ಬರ ಹೊಲದ ಅಂಕಿಯನ್ನು ನಂಬಿ ಹತ್ತಾರು ಮಂದಿ ಗೊಬ್ಬರಕ್ಕೆ ಹಣ ಹಾಕುತ್ತಾರೆ. ವಿಜ್ಞಾನಿಗಳು ನಾಲ್ಕು ತಾಲ್ಲೂಕುಗಳ ಅಂಕಿಗಳನ್ನು ಒಟ್ಟುಗೂಡಿಸಿ ಶಿಫಾರಸು ಮಾಡುವಾಗಲೂ ಆಧಾರ ಇವೇ ವಿವರಗಳು.

ಈ ಸಲ ಕಟಾವು ಮುಗಿದು ಮಣ್ಣು ತೆಗೆಯುವಾಗ, ಹೊಲದ ಬದುವಿನಲ್ಲೇ ಕುಳಿತು ಚೀಟಿಯನ್ನು ಪೂರ್ತಿ ತುಂಬಿ ನಂತರ ಚೀಲದ ಬಾಯಿ ಕಟ್ಟಿರಿ.