ಕಾಣದ ಬೆಳಕನ್ನು ಕಾಣುವ ಕಣ್ಣು

ಬೀದಿಯಂಚಿನ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತು ಆ ಕೋರೈಸುವ ಬೆಳಕನ್ನೇ ನೋಡುವ ಮಕ್ಕಳನ್ನು ತಾಯಂದಿರು ಗದರಿಸಿ ಎಳೆದೊಯ್ಯುವುದುಂಟು. ಆ ಗದರಿಕೆ ನ್ಯಾಯವಾದುದೇ. ಕಪ್ಪು ಗಾಜಿನ ಮರೆಯಿಲ್ಲದೆ ಅದನ್ನು ದಿಟ್ಟಿಸಿದವನಿಗೆ ಆಗ ಏನೂ ತಿಳಿಯುವುದಿಲ್ಲ. ಕೆಲವು ಗಂಟೆಗಳು ಕಳೆದ ಮೇಲೆ ಕಣ್ಣಿನಲ್ಲಿ ಮರಳು ತುಂಬಿದಂತೆ ಉರಿ ಆರಂಭವಾಗುತ್ತದೆ. ಈ ನೋವನ್ನು ತಂದುದು ಅವನು ಕಂಡ ಬೆಳಕಲ್ಲ. ಅದರೊಡನೆ ಬಂದ, ಅವನು ಕಾಣದ ಬೆಳಕು.

ಇದೇ ನೇರಳಾತೀತ ಕಿರಣ. ೧೮೦೧ರಲ್ಲಿ ಜರ್ಮನಿಯ ಯೋಹಾನ್ ವಿಲ್‌ಹೆಲ್ಮ್ ರಿಟ್ಟರ್ ಇದನ್ನು ಕಂಡುಹಿಡಿದನು. ಬಿಸಿಲನ್ನು ಏಳು ಬಣ್ಣಗಳಾಗಿ ಒಡೆದು ಬೆಳ್ಳಿಯ ಕ್ಲೋರೈಡಿನ ಮೇಲೆ ಬೀಳಿಸಿದಾಗ, ನೇರಳೆಯ ಆಚೆಗೆ, ಕಣ್ಣಿಗೆ ಏನೂ ಕಾಣದ ಎಡೆಯಲ್ಲಿಯೇ ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು!

ಮಿತವಾದ ಬಿಸಿಲಿನಲ್ಲಿ ಈ ಕಿರಣಗಳು ನಮ್ಮ ಮೈಯಲ್ಲಿ ‘ಡಿ’ ಜೀವಸತ್ವವನ್ನು ಉಂಟುಮಾಡುತ್ತವೆ. ಮಿತಿಮೀರಿದರೆ ಚರ್ಮವನ್ನು ಸುಡುತ್ತವೆ. ವರ್ಷಗಟ್ಟಲೆ ತಾಗಿದರೆ ಕಣ್ಣಿನ ಪೊರೆಗೂ ಚರ್ಮದ ಕ್ಯಾನ್ಸರಿಗೂ ಕಾರಣವಾಗಬಲ್ಲವು. ಸೆಕೆಯಿಂದ ಇವನ್ನು ಅಳೆಯುವಂತಿಲ್ಲ. ತಂಪಾದ ಬೆಟ್ಟದ ತುದಿಯಲ್ಲಿ ಬಯಲಿಗಿಂತ ಇವು ಹೆಚ್ಚು. ಹಾಗಾದರೆ ಎಚ್ಚರಿಸುವವರು ಯಾರು?

ಉತ್ತರ ನಮ್ಮ ಮನೆಯ ಔಷಧದ ಪೆಟ್ಟಿಗೆಯಲ್ಲಿಯೇ ಇದೆ. ತುರಿಕೆಗೆ ಹಚ್ಚುವ ಕ್ಯಾಲಮೈನ್ ಲೋಷನ್ನಿನಲ್ಲಿರುವ ಬಿಳಿಯ ಪುಡಿ, ಸತುವಿನ ಆಕ್ಸೈಡ್. ಇದರ ಹರಳಿನಲ್ಲಿ ಕಟ್ಟುಬಿದ್ದಿರುವ ಎಲೆಕ್ಟ್ರಾನುಗಳನ್ನು ಬಿಡಿಸಿ ಹರಿಯಗೊಡಲು ಸುಮಾರು ೩.೩ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಕಾಣುವ ಬೆಳಕಿನ ಕಟ್ಟಕಡೆಯ ನೇರಳೆಯಲ್ಲಿಯೂ ಇರುವುದು ೩.೧ರಷ್ಟು ಮಾತ್ರ. ಆದುದರಿಂದ ಈ ವಸ್ತು ಕಾಣುವ ಬೆಳಕಿಗೆ ಓಗೊಡುವುದಿಲ್ಲ, ನೇರಳಾತೀತಕ್ಕೆ ಓಗೊಡುತ್ತದೆ. ನಮ್ಮ ಕಣ್ಣಿನ ಸ್ವಭಾವಕ್ಕೆ ನೇರ ವಿರುದ್ಧ!

೨೦೦೨ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಪೈದೋಂಗ್ ಯಾಂಗ್ ಮತ್ತು ಅವರ ಸಂಗಡಿಗರು ಈ ಆಕ್ಸೈಡಿನಿಂದ ನ್ಯಾನೋ ತಂತಿಗಳನ್ನು ಬೆಳೆಸಿದರು. ಒಂದು ತಲೆಗೂದಲಿನ ಅಗಲದಲ್ಲಿ ಇಂತಹವನ್ನು ನೂರಾರು ಜೋಡಿಸಬಹುದು. ಕತ್ತಲೆಯಲ್ಲಿ ವಿದ್ಯುತ್ತನ್ನು ಹೆಚ್ಚುಕಡಿಮೆ ತಡೆದೇ ನಿಲ್ಲಿಸಿದ್ದ ಆ ತಂತಿಯ ಮೇಲೆ ನೇರಳಾತೀತ ಕಿರಣ ಬಿದ್ದಾಗ, ತಡೆಯು ಹತ್ತು ಸಾವಿರದಿಂದ ಹತ್ತು ಲಕ್ಷ ಪಟ್ಟು ಇಳಿಯಿತು.

ಇದರ ಗುಟ್ಟು ಗಾಳಿಯಲ್ಲಿದೆ. ಗಾಳಿಯ ಆಮ್ಲಜನಕವು ತಂತಿಯ ಮೈಗೆ ಅಂಟಿ, ಅಲ್ಲಿನ ಎಲೆಕ್ಟ್ರಾನುಗಳನ್ನು ಸೆರೆಹಿಡಿಯುತ್ತದೆ. ದಪ್ಪ ತುಂಡಿಗೆ ಇದು ಲೆಕ್ಕಕ್ಕಿಲ್ಲದ ನಷ್ಟ. ಮೈಯೇ ಹೆಚ್ಚಾಗಿ ಒಡಲೇ ಕಡಿಮೆಯಾದ ನ್ಯಾನೋ ತಂತಿಗೆ ಸರ್ವಸ್ವ. ಕಿರಣ ತಾಗಿದಾಗ ಎಲೆಕ್ಟ್ರಾನುಗಳೂ ಅವು ಬಿಟ್ಟುಬಂದ ತೆರಪುಗಳೂ ಜೊತೆಯಾಗಿ ಹುಟ್ಟುತ್ತವೆ. ತೆರಪುಗಳು ಮೈಗೆ ಸರಿದು ಆಮ್ಲಜನಕವನ್ನು ಕಳಚಿ ಕಳುಹಿಸುತ್ತವೆ. ಉಳಿದ ಎಲೆಕ್ಟ್ರಾನುಗಳು ನಿರಾತಂಕವಾಗಿ ಹರಿಯುತ್ತವೆ.

ಗುಣವಿರುವಲ್ಲಿಯೇ ದೋಷವೂ ಇದೆ. ಬೆಳಕು ಆರಿದ ಮೇಲೆ ಆಮ್ಲಜನಕ ಮರಳಿ ಬಂದು ಅಂಟಬೇಕು, ಅದು ನಿಧಾನ. ಕಿರಣ ಮರೆಯಾದರೂ ವಿದ್ಯುತ್ತು ಎಷ್ಟೋ ನಿಮಿಷ ಹರಿಯುತ್ತಲೇ ಇರುವುದುಂಟು. ಕ್ಷಣಕ್ಷಣದ ಸುದ್ದಿ ಹೇಳಬೇಕಾದ ಉಪಕರಣಕ್ಕೆ ಇದು ದೊಡ್ಡ ಕೊರತೆ. ತಂತಿಗೆ ತೆಳುಲೇಪ ಕೊಟ್ಟು, ಬೇರೆ ವಸ್ತುಗಳೊಡನೆ ಬೆಸೆದು ಇದನ್ನು ನೀಗಿಸಲು ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ.

ಇದೇ ಕುಲದ ಗ್ಯಾಲಿಯಮ್ ಆಕ್ಸೈಡಿನದು ಇನ್ನೊಂದು ಬಗೆ. ಅದಕ್ಕೆ ಬೇಕಾದ ಶಕ್ತಿ ಸುಮಾರು ೪.೮ ಎಲೆಕ್ಟ್ರಾನ್ ವೋಲ್ಟ್. ಅಷ್ಟು ಶಕ್ತಿಯ ಸೂರ್ಯಕಿರಣಗಳನ್ನು ಓಜೋನ್ ಪದರವು ಮೇಲೆಯೇ ತಡೆಯುವುದರಿಂದ ಅದು ನಡುಹಗಲಿನ ಬಿಸಿಲಿಗೂ ಮಿಸುಕದು; ಆದರೆ ಬೆಂಕಿಯ ಜ್ವಾಲೆ ಅಂತಹ ಕಿರಣವನ್ನು ಸೂಸುವುದರಿಂದ, ಬಿಸಿಲಿನ ನಡುವೆಯೂ ಬೆಂಕಿಯನ್ನು ಗುರುತಿಸಬಲ್ಲದು.

ಆದರೆ ಸಂವೇದಕವು ಎಚ್ಚರಿಸಬಲ್ಲದೇ ಹೊರತು ಕಾಪಾಡಲಾರದು. ವೆಲ್ಡಿಂಗ್ ಮಾಡುವವನಿಗೆ ಕಪ್ಪು ಗಾಜೂ, ಮಕ್ಕಳಿಗೆ ತಾಯಿಯ ಗದರಿಕೆಯೂ ಇಂದಿಗೂ ಬೇಕೇ ಬೇಕು.