ಕಣ್ಣಿನ ಬಿಳಿಯಲ್ಲಿ ನಾಲ್ಕು ಮಿಲಿಮೀಟರ್ ಕಪ್ಪು

ಕಣ್ಣಿನ ಬಿಳಿಭಾಗವನ್ನು ಹೊದ್ದಿರುವ ತೆಳು ಪೊರೆಗೆ ಕಂಜಂಕ್ಟೈವಾ ಎಂದು ಹೆಸರು. ಅದರ ಮೇಲೆ ಹುಟ್ಟುವ ಕಪ್ಪು ಕ್ಯಾನ್ಸರ್ ಮೆಲನೋಮ. ಅಮೆರಿಕದ ಕ್ಯಾನ್ಸರ್ ನೋಂದಣಿಗಳ ಪ್ರಕಾರ ಈ ರೋಗ ವರ್ಷಕ್ಕೆ ಹತ್ತು ಲಕ್ಷ ಬಿಳಿಯರಲ್ಲಿ 0.49 ಮಂದಿಗೆ, ಏಷ್ಯಾ ಮೂಲದವರಲ್ಲಿ 0.15 ಮಂದಿಗೆ ಬರುತ್ತದೆ. ಈ ಎರಡನೆಯ ದರವನ್ನು ನಮ್ಮ ಕಡೆಗೆ ಹಚ್ಚಿ ನೋಡೋಣ. 2011ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ 18,47,023. ಅಂದರೆ ಮೂರೂವರೆ ವರ್ಷಕ್ಕೊಬ್ಬ ರೋಗಿ. ಬೆಳಗಾವಿ ವಿಭಾಗದ ಏಳು ಜಿಲ್ಲೆಗಳ 1.48 ಕೋಟಿ ಜನರಲ್ಲಿ ವರ್ಷಕ್ಕೆ ಇಬ್ಬರು, ಇಡೀ ರಾಜ್ಯದ 6.11 ಕೋಟಿಯಲ್ಲಿ ಒಂಬತ್ತು ಮಂದಿ. ಇದು ಬರೀ ಅಂದಾಜು, ಯಾರೂ ಮನೆಮನೆಗೆ ಹೋಗಿ ಎಣಿಸಿದ್ದಲ್ಲ. ಆದರೂ ಒಂದು ಮಾತು ತಿಳಿಯುತ್ತದೆ: ತಾಲ್ಲೂಕಿನ ಕಣ್ಣಿನ ವೈದ್ಯರೊಬ್ಬರು ನಿವೃತ್ತಿಯವರೆಗೆ ದುಡಿದರೂ ಇಂಥ ಒಂದೇ ಒಂದು ಕಣ್ಣನ್ನೂ ನೋಡದೆ ಹೋಗಬಹುದು.

ಆದರೆ "ಕಣ್ಣಾಗ ಕರೇ ಚುಕ್ಕಿ ಬಂದೈತ್ರಿ ಡಾಕ್ಟ್ರ" ಎನ್ನುವವರು ವೈದ್ಯರಿಗೆ ಹೊಸಬರಲ್ಲ. ಕಪ್ಪು ಮೈಬಣ್ಣದವರ ಎರಡೂ ಕಣ್ಣುಗಳಲ್ಲಿ ಕರಿಗುಡ್ಡೆಯ ಸುತ್ತ ಕಂದು ಬಣ್ಣದ ಮಬ್ಬು ಉಂಗುರ ಕಾಣುವುದು ಸಾಮಾನ್ಯ. ಅದು ಚರ್ಮದ ಬಣ್ಣದ ಮುಂದುವರಿಕೆ, ರೋಗವಲ್ಲ. ಬಾಲ್ಯದಲ್ಲೋ ಹರೆಯದಲ್ಲೋ ಕಾಣಿಸಿಕೊಳ್ಳುವ ಮಚ್ಚೆಯೂ ಹೆಚ್ಚಿನಂಶ ನಿರುಪದ್ರವಿ. ಅಮೆರಿಕದ ಫಿಲಡೆಲ್ಫಿಯಾದ ವಿಲ್ಸ್ ಕಣ್ಣಿನ ಆಸ್ಪತ್ರೆಯಲ್ಲಿ ಕ್ಯಾರೊಲ್ ಶೀಲ್ಡ್ಸ್ ಮತ್ತು ಸಂಗಡಿಗರು ಇಂಥ ಮಚ್ಚೆಯಿದ್ದ 410 ಮಂದಿಯ ದಾಖಲೆ ನೋಡಿದಾಗ ಕ್ಯಾನ್ಸರಿಗೆ ತಿರುಗಿದ್ದು ಶೇ 1ಕ್ಕಿಂತ ಕಡಿಮೆ. ಅವುಗಳಲ್ಲಿ ಶೇ 65ರಷ್ಟರ ಒಳಗೆ ಸಣ್ಣ ನೀರುಗುಳ್ಳೆಗಳಿದ್ದವು. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿನ ಬೆಳಕಿನಲ್ಲಿ ಆ ಗುಳ್ಳೆ ಕಂಡರೆ ವೈದ್ಯರಿಗೆ ಅರ್ಧ ಸಮಾಧಾನ.

ಹೆದರಬೇಕಾದದ್ದು ಬೇರೆ ಥರದ ಕಪ್ಪಿಗೆ. ನಡುವಯಸ್ಸು ದಾಟಿದ ಮೇಲೆ, ಒಂದೇ ಕಣ್ಣಿನಲ್ಲಿ, ಅಂಚು ಗೊತ್ತಾಗದ ಹಾಗೆ ಪುಡಿ ಚೆಲ್ಲಿದಂತೆ ಹರಡುವ ಬಣ್ಣ ಅದು. ಅದೇ ಆಸ್ಪತ್ರೆಯ 382 ಮೆಲನೋಮ ರೋಗಿಗಳಲ್ಲಿ ಶೇ 74 ಮಂದಿಗೆ ಕ್ಯಾನ್ಸರ್ ಹುಟ್ಟಿದ್ದು ಈ ಹರಡುಗಪ್ಪಿನಿಂದ. ಹಳೆಯ ಮಚ್ಚೆಯಿಂದ ಬಂದದ್ದು ಶೇ 7, ಯಾವ ಮುನ್ಸೂಚನೆಯೂ ಇಲ್ಲದೆ ಬಂದದ್ದು ಶೇ 19. ಹಾಗಂತ ಹರಡಿದ್ದೆಲ್ಲ ಕ್ಯಾನ್ಸರ್ ಆಗುವುದಿಲ್ಲ. 311 ಕಣ್ಣುಗಳ ಇನ್ನೊಂದು ಅಧ್ಯಯನದಲ್ಲಿ, ಜೀವಕೋಶಗಳು ಕೆಡದಿದ್ದ ಕಡೆ ಒಂದೂ ಕ್ಯಾನ್ಸರಿಗೆ ತಿರುಗಲಿಲ್ಲ. ತೀವ್ರವಾಗಿ ಕೆಟ್ಟಿದ್ದ ಕಡೆ ಶೇ 13 ತಿರುಗಿದವು. ಸೊನ್ನೆಗೂ ಹದಿಮೂರಕ್ಕೂ ನಡುವಿನ ಈ ಅಂತರ ಹೊರಗಿನಿಂದ ಬರಿಗಣ್ಣಿಗೆ ಕಾಣದು. ಅದನ್ನು ಹೇಳುವುದು ಪ್ಯಾಥಾಲಜಿಯವರ ಸೂಕ್ಷ್ಮದರ್ಶಕ ಮಾತ್ರ.

ನನ್ನ ಚಿಂತೆಯೆಲ್ಲ ಇಲ್ಲಿಯೇ. ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯ ಹೊಲಗಳಲ್ಲಿ ಬಿಸಿಲು, ಧೂಳಿನಲ್ಲಿ ದುಡಿಯುವವರ ಕಣ್ಣಿಗೆ ಮಾಂಸ ಬೆಳೆಯುವುದು ಹೊಸದಲ್ಲ. ಅದನ್ನು ತೆಗೆಯುವುದು ಸಣ್ಣ ಶಸ್ತ್ರಚಿಕಿತ್ಸೆ. ತೆಗೆದ ತುಣುಕು ಎಷ್ಟೋ ಸಲ ಹತ್ತಿಯ ಜೊತೆ ಕಸದ ಬುಟ್ಟಿಗೆ ಹೋಗುತ್ತದೆ. ಆ ತುಣುಕಿನಲ್ಲಿ ಬಣ್ಣವಿದ್ದರೆ ಅದು ಬರೀ ಮಾಂಸವಾಗಿರಲಿಕ್ಕಿಲ್ಲ. ಮೆಲನೋಮ ಇರಬಹುದು; ಸ್ಕ್ವೇಮಸ್ ಎಂಬ ಇನ್ನೊಂದು ಜಾತಿಯ ಗಡ್ಡೆಯೂ ಇರಬಹುದು. ಈ ಎರಡನೆಯದು ನಮ್ಮ ಮೈಬಣ್ಣದವರಲ್ಲಿ ಕಪ್ಪಾಗಿ ಕಂಡು ಮೋಸ ಮಾಡುತ್ತದೆ, ಮತ್ತು ಚಿಕ್ಕ ವಯಸ್ಸಿನವರಲ್ಲಿ ಕಂಡರೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸುತ್ತಾರೆ. ತುಣುಕನ್ನು ಪ್ಯಾಥಾಲಜಿಗೆ ಕಳಿಸಲು ಒಂದು ಫಾರ್ಮಾಲಿನ್ ಶೀಶೆ, ಒಂದು ಚೀಟಿ ಸಾಕು. ಅದನ್ನು ಮೊದಲು ಕಾಗದದ ಮೇಲೆ ಚಪ್ಪಟೆಯಾಗಿ ಹರಡಿ ಒಂದೆರಡು ನಿಮಿಷ ಬಿಡಬೇಕು. ಇಲ್ಲದಿದ್ದರೆ ಅದು ಸುರುಳಿ ಸುತ್ತಿಕೊಂಡು, ಅಂಚಿನಲ್ಲಿ ರೋಗ ಉಳಿದಿದೆಯೋ ಇಲ್ಲವೋ ಎಂದು ಹೇಳಲು ಬಾರದು.

ಮೊದಲ ಕತ್ತರಿಯೇ ಯಾಕೆ ಮುಖ್ಯ ಎನ್ನುವುದಕ್ಕೂ ಅಳತೆಯಿದೆ. ಮೆಲನೋಮ ಅನುಮಾನವಿದ್ದರೆ ಚೂರು ಕಿತ್ತು ನೋಡುವುದಿಲ್ಲ. ಸುತ್ತಲೂ ಸುಮಾರು 4 ಮಿಲಿಮೀಟರ್ ಚೆನ್ನಾಗಿರುವ ಪೊರೆಯನ್ನೂ ಸೇರಿಸಿ, ಗಡ್ಡೆಯನ್ನು ಮುಟ್ಟದೆ ಇಡಿಯಾಗಿ ತೆಗೆಯುತ್ತಾರೆ. 2 ಮಿಲಿಮೀಟರ್ ಅಗಲದ ಚುಕ್ಕೆಗೆ ತೆಗೆಯುವ ವೃತ್ತ 10 ಮಿಲಿಮೀಟರ್ ಆಯಿತು, ವಿಸ್ತೀರ್ಣದಲ್ಲಿ 25 ಪಟ್ಟು. ಚುಕ್ಕೆ 4 ಮಿಲಿಮೀಟರ್ ಆಗುವವರೆಗೆ ಕಾದರೆ ವೃತ್ತ 12 ಮಿಲಿಮೀಟರ್, ಹೆಚ್ಚುಕಡಿಮೆ ಇಡೀ ಕರಿಗುಡ್ಡೆಯಷ್ಟು ಜಾಗ. (ಕರಿಗುಡ್ಡೆಗೆ ತಾಗಿದ ಚುಕ್ಕೆಯಾದರೆ ಆ ಬದಿಯಲ್ಲಿ ಈ ಲೆಕ್ಕ ನಡೆಯದು, ಅಲ್ಲಿ ಆಲ್ಕೋಹಾಲ್ ಹಚ್ಚಿ ಮೇಲಿನ ಪದರವನ್ನಷ್ಟೇ ಹೆರೆದು ತೆಗೆಯುತ್ತಾರೆ.) ಉಳಿದ ಅಂಚನ್ನು ಎರಡು ಸಲ ಹೆಪ್ಪುಗಟ್ಟಿಸಿ ಕರಗಿಸುತ್ತಾರೆ, ತೆರವಾದ ಜಾಗಕ್ಕೆ ಹೆರಿಗೆಯ ಮಾಸಿನ ಒಳಪೊರೆಯನ್ನು ಹೊದಿಸುತ್ತಾರೆ. ಗಾಯ ಮಾಯ್ದ ಮೇಲೂ ಹರಡುಗಪ್ಪು ಉಳಿದಿದ್ದರೆ ಮೈಟೋಮೈಸಿನ್ ಎಂಬ ಕ್ಯಾನ್ಸರ್ ಔಷಧದ ಹನಿ. ಅದರ ಪ್ರಮಾಣ ಶೇ 0.04, ಅಂದರೆ 2 ಮಿಲಿಗ್ರಾಂ ಔಷಧವನ್ನು 5 ಮಿಲಿಲೀಟರಿನಲ್ಲಿ ಕಲಸಿದ್ದು. ದಿನಕ್ಕೆ 4 ಹನಿಯಂತೆ ವಾರಕ್ಕೆ 28 ಹನಿ, ಒಂದೂವರೆ ಮಿಲಿಲೀಟರೂ ಆಗುವುದಿಲ್ಲ.

ಖರ್ಚು ಹೆಚ್ಚುವುದು ಇದರ ನಂತರ. 150 ರೋಗಿಗಳ ಮೇಲಿನ ಅಧ್ಯಯನವೊಂದರಲ್ಲಿ 5 ವರ್ಷಗಳಲ್ಲಿ ಶೇ 26 ಮಂದಿಗೆ, 10 ವರ್ಷಗಳಲ್ಲಿ ಶೇ 51 ಮಂದಿಗೆ ಗಡ್ಡೆ ಅದೇ ಕಣ್ಣಿಗೆ ಮರಳಿ ಬಂದಿತ್ತು. ದೇಹದ ಬೇರೆ ಕಡೆ ಹರಡಿದ್ದು 5 ವರ್ಷಕ್ಕೆ ಶೇ 16, 10 ವರ್ಷಕ್ಕೆ ಶೇ 26. ಹಾಗಾಗಿ ಮೂರು ತಿಂಗಳಿಗೊಮ್ಮೆ ತೋರಿಸಬೇಕು. 5 ವರ್ಷಕ್ಕೆ 20 ಸಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆಪರೇಷನ್ನಿಗೆ ಅದು ಆಸರೆ. ಆದರೆ ಕೂಲಿಯನ್ನು ಯಾವ ಕಾರ್ಡೂ ತುಂಬಿಕೊಡುವುದಿಲ್ಲ. ಪ್ರತಿ ತಪಾಸಣೆಗೂ ಬೆಂಗಳೂರಿಗೇ ಹೋಗಬೇಕಾದರೆ, ಹುಬ್ಬಳ್ಳಿಯಿಂದ ಅಲ್ಲಿಗೆ ಸುಮಾರು 410 ಕಿಲೋಮೀಟರ್. ಹೋಗಿ ಬಂದು 20 ಸಲ ಎಂದರೆ 16,400 ಕಿಲೋಮೀಟರ್. ರೋಗಿ ಮತ್ತು ಜೊತೆಗೊಬ್ಬರು, ಪ್ರತಿ ಸಲ ಎರಡು ದಿನ. 2025-26ರ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿಯಂತೆ ಹಿಡಿದರೆ ಕಳೆದುಕೊಳ್ಳುವ ಗಳಿಕೆಯೇ 29,600 ರೂಪಾಯಿ. ಬಸ್ಸು, ಊಟ, ವಸತಿ ಇದರಲ್ಲಿ ಸೇರಿಲ್ಲ. ಇದೇ ಭೇಟಿ ಹುಬ್ಬಳ್ಳಿಯಲ್ಲಿ ಒಂದು ದಿನಕ್ಕೆ ಮುಗಿದರೆ 14,800.

ಹುಬ್ಬಳ್ಳಿಯಲ್ಲಿ ಮುಗಿಯಬಲ್ಲದು ಎಂದೇ ನಾನು ನಂಬಿದ್ದೇನೆ. ಎಂ.ಎಂ. ಜೋಶಿ ಕಣ್ಣಿನ ಸಂಸ್ಥೆ ಇದೆ, ವಿದ್ಯಾನಗರದಲ್ಲಿ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ ಇದೆ, ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ. ಆಪರೇಷನ್ ಬೆಂಗಳೂರಿನಲ್ಲೋ ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆಯಲ್ಲೋ ಆಗಲಿ. ನಂತರದ 20 ಭೇಟಿಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಸ್ಲಿಟ್ ಲ್ಯಾಂಪ್, ಹಿಂದಿನ ಸಲದ ಫೋಟೊ, ಮೇಲಿನ ರೆಪ್ಪೆಯನ್ನು ಮಗುಚಿ ನೋಡುವ ತಾಳ್ಮೆ, ಕಿವಿಯ ಮುಂದೆ ಮತ್ತು ದವಡೆಯ ಕೆಳಗೆ ಗಂಟು ಇದೆಯೇ ಎಂದು ತಡವಿ ನೋಡುವ ಎರಡು ಬೆರಳು.